ಪಾಕದಕ್ಕನ ಕಿರುಬೆರಳು

"ಅವಳ ಕೈಲಿ ನನ್ನ ನರ ಕಟ್ಟಿಸ್ಕೊಳ್ಳೋದಕ್ಕಿಂತ ಈ ಕೈನೇ ಕತ್ತರಿಸಿ ಬಿಸಾಕಿ!" ಎಂದು ಪಾಕದಕ್ಕ ಸೋಮವಾರ ಬೆಳಿಗ್ಗೆ ಪ್ರಯೋಗಾಲಯದ ಮುಖ್ಯಸ್ಥರ ಕೋಣೆಯಲ್ಲಿ ನಿಂತು ಕೂಗಿದಳು. ಕೂಗಿದ್ದು ಕಾರಿಡಾರಿನ ಕೊನೆಯವರೆಗೂ ಕೇಳಿಸಿತು. ಕೇಳಿಸಲಿ ಅಂತಲೇ ಕೂಗಿದ್ದು. 'ಅವಳು' ಎಂದರೆ ಬೇರೆ ಯಾರೂ ಅಲ್ಲ, ಪಾಕದಕ್ಕನ ಸ್ವಂತ ತಮ್ಮನ ಹೆಂಡತಿ, ನಾದಿನಿ. ಅದೇ ಕಾರಿಡಾರಿನ ಕೊನೆಯ ಕೋಣೆಯಲ್ಲಿ ಯಂತ್ರದ ಸೂಜಿಗಳನ್ನು ತೊಳೆಯುತ್ತ ಕೂತಿದ್ದಳು.

ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಈ ಇಬ್ಬರು ಹೆಂಗಸರ ಜಗಳ ಕೇಳಿ ಕೇಳಿ ಅವರ ಕಿವಿ ತೂತಾಗಿತ್ತು. "ನೋಡಮ್ಮ, ಆ ಯಂತ್ರ ನಡೆಸೋಕೆ ಬರೋದು ಇಲ್ಲಿ ಇಬ್ಬರಿಗೆ ಮಾತ್ರ. ಒಬ್ಬಳು ನೀನು. ನಿನ್ನ ಬಲಗೈಲಿ ಈಗ ಒಂದು ಗುಂಡಿ ಹಾಕೋಕೂ ಆಗಲ್ಲ. ಇನ್ನೊಬ್ಬಳು ಅವಳು. ಮೂರನೆಯವರನ್ನ ನಾನೆಲ್ಲಿಂದ ಹುಟ್ಟಿಸ್ಲಿ? ಗುರುವಾರ ಹತ್ತು ಗಂಟೆಗೆ ಅವಳು ಮುದ್ರಣ ಮಾಡ್ತಾಳೆ. ನೀನು ತೆಪ್ಪಗೆ ಹೊರಗೆ ಕೂತ್ಕೋ."

ತೆಪ್ಪಗೆ ಕೂರುವ ಜಾತಿಯೇ ಅಲ್ಲ ಅದು. ಬಾಗಿಲನ್ನು ಧಡಾರನೆ ಎಳೆದುಕೊಂಡು ಹೊರಗೆ ಬಂದಳು.

ಆ ಪ್ರಯೋಗಾಲಯದ ಕೆಲಸ ಹೀಗೆ. ಕೈಯಲ್ಲೋ ಕಾಲಲ್ಲೋ ನರ ತುಂಡಾಗಿ, ಎರಡು ತುದಿಗಳ ನಡುವೆ ಹೊಲಿಯಲಾಗದಷ್ಟು ಅಂತರ ಬಿದ್ದರೆ, ಅಲ್ಲಿ ಕೂರಿಸಲು ಇವರು ಒಂದು ಮೆತ್ತನೆಯ ಕೊಳವೆ ಮಾಡುತ್ತಾರೆ. ಹೊರಗಿನಿಂದ ನೋಡಿದರೆ ಬೆಂಕಿಕಡ್ಡಿಗಿಂತ ತುಸು ದಪ್ಪ, ಎರಡು ಸೆಂಟಿಮೀಟರ್ ಉದ್ದ, ನೀರು ತುಂಬಿಕೊಂಡ ಅಂಟಿನಂಥ ಪದಾರ್ಥ. ಒಳಗೆ ಉದ್ದಕ್ಕೂ ಕೂದಲಿನಷ್ಟು ಸಣ್ಣ ಹದಿನಾರು ದಾರಿಗಳು. ಅಂಟಿನಲ್ಲಿ ರೋಗಿಯದೇ ಜೀವಕೋಶಗಳನ್ನು ಕಲಸಿರುತ್ತಾರೆ. ಯಂತ್ರ ಅದನ್ನು ಸೂಜಿಯಿಂದ ಎಳೆ ಎಳೆಯಾಗಿ ಇಳಿಸುತ್ತದೆ, ನೀಲಿ ಬೆಳಕು ಅದನ್ನು ಗಟ್ಟಿ ಮಾಡುತ್ತದೆ, ಇದಕ್ಕೇ ಮುದ್ರಣ ಎನ್ನುವುದು. ಕಟ್ಟಡಕ್ಕೆ ಕಟ್ಟಿದ ಸಾರುವೆ ಹಿಡಿದು ಮೇಲೇರುವ ಕೆಲಸಗಾರನ ಹಾಗೆ ತುಂಡಾದ ನರ ಆ ದಾರಿಗಳನ್ನು ಹಿಡಿದು ದಿನಕ್ಕೊಂದು ಮಿಲಿಮೀಟರ್ ತೆವಳುತ್ತದೆ. ಆಮೇಲೆ ಸಾರುವೆ ತಾನಾಗಿಯೇ ಕರಗಿಹೋಗುತ್ತದೆ. ಪ್ರಯೋಗಾಲಯದಲ್ಲಿ ಎಲ್ಲರೂ ಆ ಕೊಳವೆಯನ್ನು ಸಾರುವೆ ಅಂತಲೇ ಕರೆಯುತ್ತಿದ್ದರು.

ಎಲ್ಲ ಇರುವುದು ಅಂಟಿನ ಹದದಲ್ಲಿ. ಬಿಸಿ ಹೆಚ್ಚಾದರೆ ಅಂಟು ನೀರಾಗಿ ಹರಿದು ದಾರಿಗಳು ಮುಚ್ಚಿಹೋಗುತ್ತವೆ. ತಣ್ಣಗೆ ಹೆಚ್ಚಾದರೆ ಗಡ್ಡೆ ಕಟ್ಟಿ ಸೂಜಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಈ ಹದ ನೋಡುವುದರಲ್ಲಿ ಈ ಅಕ್ಕನನ್ನು ಮೀರಿಸುವವರೇ ಇರಲಿಲ್ಲ, ಅದಕ್ಕೇ ಪಾಕದಕ್ಕ ಎಂಬ ಹೆಸರು. ಅಂಟು ತುಂಬಿದ ಸಿರಿಂಜನ್ನು ಬೆಚ್ಚನೆಯ ಪೆಟ್ಟಿಗೆಯಿಂದ ತೆಗೆದು, ತಣ್ಣನೆಯ ಲೋಹದ ದಿಮ್ಮಿಯಲ್ಲಿ ಸಿಕ್ಕಿಸಿ, ಆಗಾಗ ತೆಗೆದು ಬಲಗೈಯ ಅಂಚಿನಲ್ಲಿ, ಕಿರುಬೆರಳ ಬುಡಕ್ಕೆ ಒತ್ತಿ ಹಿಡಿಯುತ್ತಿದ್ದಳು. ಬಿಸಿ ಅನ್ನಿಸಿದರೆ ಇನ್ನೂ ಇಲ್ಲ. ತಣ್ಣಗೆ ಅನ್ನಿಸಿದರೆ ಮೀರಿತು. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ, ಅಲ್ಲೇನೂ ಇಲ್ಲವೇ ಇಲ್ಲ ಅನ್ನಿಸುವ ಒಂದು ಗಳಿಗೆ ಬರುತ್ತದಲ್ಲ, ಅದೇ ಹದ. ಇಪ್ಪತ್ತೆರಡು ವರ್ಷ ಒಂದು ಸಲವೂ ಆ ಜಾಗ ಅವಳಿಗೆ ಕೈ ಕೊಟ್ಟಿರಲಿಲ್ಲ.

ನಾದಿನಿಗೆ ಇದೆಲ್ಲ ಬರುತ್ತಿರಲಿಲ್ಲ. ಅವಳು ಸಿರಿಂಜಿಗೆ ಥರ್ಮಾಮೀಟರಿನ ತಂತಿ ಅಂಟಿಸಿ, ಗಡಿಯಾರ ಒತ್ತಿ, ಹನ್ನೊಂದು ನಿಮಿಷ ಎಣಿಸುತ್ತಿದ್ದಳು. "ನಮ್ಮ ಥರ್ಮಾಮೀಟರ್ ಮಹಾರಾಣಿ ಬಂದ್ಲು, ದಾರಿ ಬಿಡಿ!" ಎಂದು ಪಾಕದಕ್ಕ ಎಲ್ಲರೆದುರು ಅಣಕಿಸುತ್ತಿದ್ದಳು. ಮೊದಮೊದಲು ಅದು ಪ್ರೀತಿಯ ಅಣಕವೇ ಆಗಿತ್ತು. ತರಬೇತಿಗೆಂದು ಬಂದ ಹುಡುಗಿಯನ್ನು ಮೆಚ್ಚಿ, ಕೆಲಸ ಕಲಿಸಿ, ಲಿಫ್ಟ್ ರಿಪೇರಿ ಮಾಡುವ ತನ್ನ ತಮ್ಮನಿಗೆ ತಾನೇ ಮುಂದೆ ನಿಂತು ತಂದುಕೊಂಡವಳು ಪಾಕದಕ್ಕನೇ. ತನ್ನ ಮದುವೆಯ ಮಾತನ್ನೇ ಎತ್ತದೆ ತಮ್ಮನನ್ನು ಸಾಕಿ ಬೆಳೆಸಿದ ಅಕ್ಕ, ಮನೆಗೊಂದು ಜೊತೆ ಸಿಕ್ಕಿತು ಎಂದು ಎಷ್ಟು ಹಿಗ್ಗಿದ್ದಳು ಅಂದರೆ ಆಫೀಸಿನಲ್ಲಿ ಎಲ್ಲರಿಗೂ ಸಿಹಿ ಹಂಚಿದ್ದಳು.

ಆ ಪ್ರೀತಿಯೆಲ್ಲ ಏಳು ತಿಂಗಳ ಹಿಂದೆ ಒಂದು ಕಸದ ಚೀಲದಲ್ಲಿ ಮುಗಿದುಹೋಯಿತು.

ಒಡೆದ ಗಾಜಿನ ಪಟ್ಟಿಗಳನ್ನು ಹಾಕಲು ಒಂದು ಕೆಂಪು ಪೆಟ್ಟಿಗೆ ಇರುತ್ತದೆ, ಗಟ್ಟಿ ಪ್ಲಾಸ್ಟಿಕ್ಕಿನದು. ಅವತ್ತು ಗಾಜು ಅದರೊಳಗೆ ಹೋಗದೆ, ಕೈಗವಸಿನಲ್ಲಿ ಸುತ್ತಿಕೊಂಡು ಮಾಮೂಲು ಕಸದ ಚೀಲಕ್ಕೆ ಬಿದ್ದಿತ್ತು. ಹಾಕಿದವಳು ನಾದಿನಿ. ತುಂಬಿದ ಚೀಲವನ್ನು ಪಾಕದಕ್ಕ ಬಲಗೈಯಿಂದ ಒತ್ತಿ ಬಾಯಿ ಕಟ್ಟಲು ಹೋದಳು. ಮಣಿಕಟ್ಟಿನ ಒಳಗೆ, ಕಿರುಬೆರಳ ಬದಿಗೆ, ಗಾಜು ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ನೋವಿಗಿಂತ ಮುಂಚೆ ಕಿರುಬೆರಳು ಮಾಯವಾಯಿತು. ಕಣ್ಣಿಗೆ ಕಾಣುತ್ತಿದೆ, ಆದರೆ ಅಲ್ಲಿಲ್ಲ. ಕೈ ಡಾಕ್ಟರು ರಕ್ತನಾಳ ಹೊಲಿದರು, ಸ್ನಾಯು ಹೊಲಿದರು, ನರ ಹೊಲಿಯಲಾಗಲಿಲ್ಲ. ಆಮೇಲೆ ಗಾಯಕ್ಕೆ ಸೋಂಕು ಬೇರೆ ತಗುಲಿ ತಿಂಗಳುಗಟ್ಟಲೆ ಅದು ಮಾಯುವುದನ್ನೇ ಕಾಯಬೇಕಾಯಿತು. "ಒಂದು ವರ್ಷದೊಳಗೆ ನರ ಅಂಗೈ ಮುಟ್ಟಬೇಕು. ಇಲ್ದಿದ್ರೆ ಅಲ್ಲಿನ ಸ್ನಾಯು ಒಣಗಿ ಹೋಗುತ್ತೆ, ಆಮೇಲೆ ಬ್ರಹ್ಮ ಬಂದ್ರೂ ಆಗಲ್ಲ. ಎಂಟನೇ ತಿಂಗಳು ದಾಟೋಕೆ ಬಿಡಬೇಡಿ," ಎಂದರು.

ಈಗ ಏಳು ತಿಂಗಳಾಗಿತ್ತು. ಪಾಕದಕ್ಕನ ಕಾಲಿನಿಂದ ಒಂದು ಸಣ್ಣ ನರದೆಳೆ ತೆಗೆದು, ಆರು ವಾರ ಸಾಕಿ, ಕೋಶಗಳನ್ನು ಬೆಳೆಸಿದ್ದರು. ಎರಡು ಸಿರಿಂಜಿಗಾಗುವಷ್ಟು ಬಂದಿತ್ತು. ಒಂದು ಬಳಸಲು, ಇನ್ನೊಂದು ಆಪತ್ತಿಗೆ. ಮತ್ತೆ ಬೆಳೆಸುತ್ತ ಕೂರಲು ಸಮಯವಿರಲಿಲ್ಲ.

ಈ ಏಳು ತಿಂಗಳು ಮನೆ ಮನೆಯಾಗಿರಲಿಲ್ಲ. ಅಡುಗೆಮನೆ ಒಂದೇ, ಆದರೆ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಪಾಕದಕ್ಕ ನಾದಿನಿಯ ಜೊತೆ ನೇರವಾಗಿ ಮಾತಾಡುವುದನ್ನು ಬಿಟ್ಟು ಪಾತ್ರೆಗಳ ಜೊತೆ ಮಾತಾಡುತ್ತಿದ್ದಳು. "ನೋಡು ಲೋಟ, ನಿನ್ನನ್ನೂ ಒಡೆದು ಚೀಲಕ್ಕೆ ಹಾಕ್ತಾರೆ, ಹುಷಾರು!" ನಾದಿನಿ ತುಟಿ ಕಚ್ಚಿಕೊಂಡು ಲೋಟ ತೊಳೆಯುತ್ತಿದ್ದಳು. ತಮ್ಮ ಊಟದ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಒಮ್ಮೆ ಮಾತ್ರ ಹೆಂಡತಿಗೆ, "ನಮ್ಮಕ್ಕನ ಕೈ ತಿಂದವಳು ನೀನು," ಅಂದುಬಿಟ್ಟ. ಅಂದ ಮೇಲೆ ಅವರಿಬ್ಬರ ನಡುವೆಯೂ ಮಾತು ನಿಂತಿತು. ಅದನ್ನು ಕೇಳಿಸಿಕೊಂಡೂ ಪಾಕದಕ್ಕ ಕೇಳಿಸದವಳ ಹಾಗೆ ತಟ್ಟೆಗೆ ಸಾರು ಬಡಿಸಿದಳು.

ಒಂದು ದಿನ ಒಲೆಯ ಮುಂದೆ ನಿಂತು ಪಾತ್ರೆಗಳ ಮೇಲೆ ಹರಿಹಾಯುತ್ತಿದ್ದಾಗ ಹಿಂದಿನಿಂದ ನಾದಿನಿ, "ಅತ್ತಿಗೆ, ಬೆರಳು!" ಎಂದು ಚೀರಿದಳು. ಕಿರುಬೆರಳು ಕಾದ ಬಾಣಲೆಯ ಅಂಚಿಗೆ ಒರಗಿಕೊಂಡಿತ್ತು. ವಾಸನೆ ಬಂದಿತ್ತು, ನೋವು ಬಂದಿರಲಿಲ್ಲ. ನಾದಿನಿ ಕೈ ಹಿಡಿದು ನಲ್ಲಿಯ ಕೆಳಗೆ ಎಳೆಯಲು ಬಂದಾಗ ಪಾಕದಕ್ಕ ಕೊಸರಿಕೊಂಡು, "ಮುಟ್ಟಬೇಡ ನನ್ನ!" ಎಂದಳು. ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಚರ್ಮ ಸುಲಿದ ಬೆರಳನ್ನು ನೋಡುತ್ತ ಗಳಗಳನೆ ಅತ್ತಳು. ಸುಟ್ಟರೂ ಗೊತ್ತಾಗದ ಬೆರಳನ್ನು ಕಟ್ಟಿಕೊಂಡು ಪಾಕದಕ್ಕ ಎಂದು ಕರೆಸಿಕೊಳ್ಳುವುದು ಹೇಗೆ? ಅವಳಿಗೆ ಬೇಕಾಗಿದ್ದದ್ದು ಅದೊಂದೇ, ಆ ಎರಡಂಗುಲ ಚರ್ಮಕ್ಕೆ ಬಿಸಿ ಯಾವುದು ತಣ್ಣಗೆ ಯಾವುದು ಎಂದು ಮತ್ತೆ ತಿಳಿಯಬೇಕು.

ಗುರುವಾರ ಬಂತು. ಒಂಬತ್ತೂವರೆಗೆ ಕೋಶ ಸಾಕುವ ಮುದುಕರು ಎರಡು ಸಿರಿಂಜ್ ತಂದು ಮುದ್ರಣ ಕೋಣೆಯ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು, "ಕಲಸಿ ಆಗಿದೆ. ಹತ್ತೂ ನಲವತ್ತರೊಳಗೆ ಮುಗಿಸ್ಬೇಕು, ಆಮೇಲೆ ಸಾಯೋಕೆ ಶುರು ಮಾಡ್ತವೆ," ಎಂದು ಹೇಳಿ ಹೋದರು. ನಾದಿನಿ ಬಟ್ಟೆಯ ಮೇಲೆ ನಿಲುವಂಗಿ ಹಾಕಿಕೊಳ್ಳಲು ಪಕ್ಕದ ಕೋಣೆಗೆ ಹೋಗಿದ್ದಳು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಪಾಕದಕ್ಕ ಎದ್ದು, ಸೀದಾ ಒಳಗೆ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡುಬಿಟ್ಟಳು.

ಮುದ್ರಣ ಕೋಣೆಯ ಕಿಟಕಿಗಳಿಗೆಲ್ಲ ಹಳದಿ ಹಾಳೆ ಅಂಟಿಸಿರುತ್ತಾರೆ. ಹೊರಗಿನ ಬೆಳಕು ಬಿದ್ದರೆ ಅಂಟು ಸೂಜಿಯಲ್ಲೇ ಗಟ್ಟಿಯಾಗುತ್ತದೆ. ಆ ಹಳದಿ ಬೆಳಕಿನಲ್ಲಿ ಏಳು ತಿಂಗಳ ಮೇಲೆ ಒಬ್ಬಳೇ ನಿಂತಾಗ ಅವಳಿಗೆ ಹೋದ ಜೀವ ಬಂದ ಹಾಗಾಯಿತು. ನನ್ನ ಕೋಶ, ನನ್ನ ಅಂಟು, ನನ್ನ ಯಂತ್ರ! ಇನ್ನೊಬ್ಬಳ ಹಂಗೇಕೆ? ಎಡಗೈಯಲ್ಲಿ ಗುಂಡಿ ಒತ್ತುವುದನ್ನು ಕಲಿತಾಗಿತ್ತು. ಹದವನ್ನೂ ಎಡಗೈಯಲ್ಲೇ ನೋಡಿದರಾಯಿತು. ಮೊದಲ ಸಿರಿಂಜನ್ನು ತಣ್ಣನೆಯ ದಿಮ್ಮಿಗೆ ಸಿಕ್ಕಿಸಿದಳು.

ಎರಡು ನಿಮಿಷವೂ ಆಗಿರಲಿಲ್ಲ, ಬಾಗಿಲಿನ ಗಾಜಿನಾಚೆ ನಾದಿನಿಯ ಮುಖ ಕಾಣಿಸಿತು. ಚಿಲಕ ಅಲ್ಲಾಡಿಸಿದಳು. ಗಾಜು ಬಡಿದಳು. ಪಾಕದಕ್ಕನ ಮೈಯೆಲ್ಲ ಉರಿಯಿತು. ಬಡಿ, ಇನ್ನೂ ಬಡಿ, ಅದನ್ನೂ ಒಡೆದು ಹಾಕು! ಎಡಗೈಯಲ್ಲಿ ಯಂತ್ರದ ಸೂಜಿಯನ್ನು ಸರಿಮಾಡುತ್ತ, ಕಣ್ಣು ಬಾಗಿಲ ಕಡೆಗಿಟ್ಟು, ಬಲಗೈ ಚಾಚಿ ಸಿರಿಂಜನ್ನು ಎತ್ತಿಕೊಂಡಳು. ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು, ಇಪ್ಪತ್ತೆರಡು ವರ್ಷ ಮಾಡಿದ ಹಾಗೆಯೇ, ಕಿರುಬೆರಳ ಬುಡಕ್ಕೆ ಒತ್ತಿದಳು.

ಗಾಜಿನಾಚೆ ನಾದಿನಿ ತನ್ನ ಎಡಗೈ ಎತ್ತಿ ಎತ್ತಿ ತೋರಿಸುತ್ತ ಏನೋ ಕೂಗುತ್ತಿದ್ದಳು. ಆ ದಪ್ಪ ಗಾಜಿನಲ್ಲಿ ಸದ್ದು ಹಾಯುವುದಿಲ್ಲ. ಶಾಪ ಹಾಕುತ್ತಿದ್ದಾಳೆ ಎಂದುಕೊಂಡ ಪಾಕದಕ್ಕ ಬೆನ್ನು ತಿರುಗಿಸಿದಳು. ಸಿರಿಂಜ್ ಬಿಸಿಯೂ ಇರಲಿಲ್ಲ, ತಣ್ಣಗೂ ಇರಲಿಲ್ಲ. ಅಲ್ಲೇನೂ ಇಲ್ಲವೇ ಇಲ್ಲ ಅನ್ನಿಸಿತು. ಆಹಾ, ಎಂಥಾ ಹದ! ಇಷ್ಟು ಬೇಗ ಬಂತಲ್ಲ ಎಂದು ಖುಷಿಯಾಗಿ ಅದನ್ನು ಯಂತ್ರಕ್ಕೆ ಕೂರಿಸಿ ಗುಂಡಿ ಒತ್ತಿದಳು.

ಸೂಜಿ ಓಡಾಡಿತು, ನೀಲಿ ಬೆಳಕು ಮಿನುಗಿತು, ಒಂಬತ್ತು ನಿಮಿಷ ಅವಳ ಎದೆ ಹಕ್ಕಿಯಷ್ಟು ಹಗುರವಾಗಿತ್ತು. ಮುಗಿದ ಮೇಲೆ ಕೊಳವೆಯ ತುದಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರದೆ ನೋಡಿದಳು. ಹದಿನಾರು ತೂತು ಕಾಣಬೇಕಿತ್ತು. ಎರಡು ಕಂಡವು. ಮಿಕ್ಕಿದ್ದೆಲ್ಲ ಕರಗಿದ ಮೇಣದ ಹಾಗೆ ಒಂದರೊಳಗೊಂದು ಹರಿದು ಮುಚ್ಚಿಹೋಗಿತ್ತು.

ಅಂಟು ಬಿಸಿ ಇತ್ತು. ಪೆಟ್ಟಿಗೆಯಿಂದ ತೆಗೆದಾಗ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಬಿಸಿ. ಪಾಕದಕ್ಕ ತನ್ನ ಬಲಗೈ ನೋಡಿಕೊಂಡಳು, ಆಮೇಲೆ ಎಡಗೈ ನೋಡಿಕೊಂಡಳು. ಸತ್ತ ಚರ್ಮಕ್ಕೆ ಯಾವ ಸಿರಿಂಜ್ ಒತ್ತಿದರೂ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಅದಕ್ಕೆ ಪ್ರಪಂಚವೆಲ್ಲ ಹದವೇ.

ಹೋಗಿ ಚಿಲಕ ತೆಗೆದಳು.

ನಾದಿನಿ ಒಳಗೆ ಬಂದು ಪರದೆ ನೋಡಿದಳು. ಬೆಚ್ಚನೆಯ ಪೆಟ್ಟಿಗೆಯ ಕಡೆಗೆ ಹೋಗಿ, ಬೆನ್ನು ತಿರುಗಿಸಿಕೊಂಡು ಅದರ ಬಾಗಿಲು ತೆರೆದು ಮುಚ್ಚಿದಳು, ಯಂತ್ರದ ಹತ್ತಿರ ಒಂದು ಕ್ಷಣ ಬಗ್ಗಿದಳು, ಆಮೇಲೆ ಯಂತ್ರಕ್ಕೆ ಅಡ್ಡವಾಗಿ ಸ್ಟೂಲು ಹಾಕಿಕೊಂಡು ಕೈ ಕಟ್ಟಿ ಕೂತುಬಿಟ್ಟಳು.

"ಇನ್ನೊಂದಿದೆಯಲ್ಲ," ಎಂದಳು ಪಾಕದಕ್ಕ. ಏಳು ತಿಂಗಳಲ್ಲಿ ನಾದಿನಿಯ ಮುಖ ನೋಡಿ ಗದರದೆ ಆಡಿದ ಮೊದಲ ಮಾತು ಅದು.

"ಇದೆ."

"ಮತ್ತೆ ಕೂತಿದ್ದೀಯಲ್ಲ?"

"ಅವಳ ಕೈಲಿ ಕಟ್ಟಿಸ್ಕೊಳ್ಳೋದಕ್ಕಿಂತ ಕೈ ಕತ್ತರಿಸೋದು ಮೇಲು ಅಂದ್ರಲ್ಲ. ಸೋಮವಾರ. ನಾನು ಸೂಜಿ ತೊಳೀತಿದ್ದೆ, ಚೆನ್ನಾಗಿ ಕೇಳಿಸ್ತು." ನಾದಿನಿ ಗೋಡೆಯ ಗಡಿಯಾರ ನೋಡಿದಳು. "ಹತ್ತೂ ಹದಿಮೂರು. ಇನ್ನು ಇಪ್ಪತ್ತೇಳು ನಿಮಿಷ. ನಾನು ಮಾಡ್ತೀನಿ ಅತ್ತಿಗೆ, ಮಾಡಲ್ಲ ಅನ್ನಲ್ಲ. ಅದಕ್ಕೆ ಮುಂಚೆ ನಿಮ್ಮ ತಮ್ಮನಿಗೆ ಫೋನ್ ಮಾಡಿ. ಗಾಜನ್ನ ಕೈಗವಸಲ್ಲಿ ಸುತ್ತಿ ಚೀಲಕ್ಕೆ ಹಾಕೋದು ನನಗೆ ಯಾರು ಹೇಳಿಕೊಟ್ರು ಅಂತ ಹೇಳಿ."

ಇನ್ನು ಮುಚ್ಚಿಟ್ಟು ಫಲವಿಲ್ಲ. ಹೇಳಿಕೊಟ್ಟವಳು ಪಾಕದಕ್ಕನೇ. ಕೆಂಪು ಪೆಟ್ಟಿಗೆ ತುಂಬಿದರೆ ಹೊಸದಕ್ಕಾಗಿ ಎರಡು ಮಹಡಿ ಇಳಿದು, ಉಗ್ರಾಣದಲ್ಲಿ ಮೂರು ಕಡೆ ಸಹಿ ಹಾಕಿ, ಅಲ್ಲಿನ ಗುಮಾಸ್ತನ ಗೊಣಗಾಟ ಕೇಳಿ ಬರಬೇಕು. "ಅಷ್ಟಕ್ಕೆಲ್ಲ ಯಾರು ಹೋಗ್ತಾರೆ, ಕೈಗವಸಲ್ಲಿ ಸುತ್ತಿ ಚೀಲಕ್ಕೆ ಹಾಕು, ಏನೂ ಆಗಲ್ಲ," ಎಂದು ಅವಳೇ ಹೇಳಿಕೊಟ್ಟು, ಅವಳೇ ಮಾಡಿ ತೋರಿಸಿದ್ದಳು, ಒಂದಲ್ಲ ಹತ್ತು ಸಲ. ವಿಚಾರಣೆಯ ದಿನ ನಾದಿನಿ ಅದನ್ನು ಹೇಳಿದಾಗ, ಕೈಗೆ ದಪ್ಪ ಪಟ್ಟಿ ಕಟ್ಟಿಕೊಂಡು ಕೂತಿದ್ದ ಪಾಕದಕ್ಕ ಎಲ್ಲರ ಮುಖ ನೋಡಿ, "ನಾನ್ಯಾವಾಗ ಹೇಳಿದ್ದೆ?" ಎಂದುಬಿಟ್ಟಳು. ಇಪ್ಪತ್ತೆರಡು ವರ್ಷದ ಅನುಭವಸ್ಥೆ, ಅದರ ಮೇಲೆ ಗಾಯಗೊಂಡವಳು. ಅವಳ ಮಾತೇ ನಿಂತಿತು. ನಾದಿನಿಯ ಕಡತದಲ್ಲಿ ನಿರ್ಲಕ್ಷ್ಯ ಎಂದು ಬರೆದರು, ಮೂರು ತಿಂಗಳು ಯಂತ್ರ ಮುಟ್ಟಲು ಬಿಡಲಿಲ್ಲ. ಮನೆಯಲ್ಲಿ ಗಂಡ ಮಾತು ಬಿಟ್ಟ.

"ಈಗ ಅದನ್ನೆಲ್ಲ ಯಾಕೆ ಕೆದಕ್ತೀಯ?" ಎಂದು ಪಾಕದಕ್ಕ ದನಿ ಏರಿಸಿದಳು. "ನನ್ನ ಕೈ ಇಟ್ಕೊಂಡು ನನ್ನ ಹೆದರಿಸ್ತಿದ್ದೀಯಾ? ಇಷ್ಟು ಕೆಟ್ಟವಳಾ ನೀನು?"

"ಹೌದು, ಇಷ್ಟೇ ಕೆಟ್ಟವಳು. ನೀವೇ ಕಲಿಸಿದ್ದು." ನಾದಿನಿಯ ಕಣ್ಣು ಗಡಿಯಾರ ಬಿಟ್ಟು ಕದಲಲಿಲ್ಲ. "ನಿಮಗೆ ಒಂದು ಬೆರಳು ಹೋಯ್ತು ಅತ್ತಿಗೆ. ನನಗೆ ಮನೆನೇ ಹೋಯ್ತು. ಹತ್ತೂ ಹದಿನಾಲ್ಕು."

ಪಾಕದಕ್ಕ ಅವಳನ್ನು ನುಂಗುವ ಹಾಗೆ ನೋಡಿದಳು. ಬಾಯಿತುಂಬ ಬೈಯಬೇಕು ಅನ್ನಿಸಿತು, ಕೂದಲು ಹಿಡಿದು ಸ್ಟೂಲಿನಿಂದ ಎಳೆಯಬೇಕು ಅನ್ನಿಸಿತು. ಪರದೆಯ ಮೇಲೆ ಆ ಕರಗಿದ ಮೇಣ ಇನ್ನೂ ಹಾಗೆಯೇ ಇತ್ತು. ಎಡಗೈಯಲ್ಲಿ ಫೋನ್ ತೆಗೆದು, ಹೆಬ್ಬೆರಳಲ್ಲಿ ತಮ್ಮನ ಹೆಸರು ಒತ್ತಿ, ಇಬ್ಬರಿಗೂ ಕೇಳಿಸುವ ಹಾಗೆ ಮೇಜಿನ ಮೇಲಿಟ್ಟಳು.

ತಮ್ಮ ಎಲ್ಲೋ ಲಿಫ್ಟ್ ಓಡಾಡುವ ಬಾವಿಯೊಳಗಿದ್ದ. ಸುತ್ತಿಗೆಯ ಸದ್ದಿನ ನಡುವೆ ದನಿ ಗುಂಯ್ ಎನ್ನುತ್ತಿತ್ತು. "ಏನಕ್ಕ? ಮುದ್ರಣ ಆಯ್ತಾ?"

"ಇಲ್ಲ. ಒಂದು ಮಾತು ಹೇಳ್ಬೇಕು, ನಡುವೆ ಬಾಯಿ ಹಾಕಬೇಡ. ಗಾಜು ಸುತ್ತಿ ಚೀಲಕ್ಕೆ ಹಾಕೋದು ನಾನೇ ಅವಳಿಗೆ ಹೇಳಿಕೊಟ್ಟಿದ್ದು. ವಿಚಾರಣೇಲಿ ಇಲ್ಲ ಅಂದೆ. ಸುಳ್ಳು ಹೇಳ್ದೆ."

ಆ ಕಡೆ ಸುತ್ತಿಗೆಯ ಸದ್ದು ನಿಂತಿತು. "ಏಳು ತಿಂಗಳು, ಅಕ್ಕ! ಏಳು ತಿಂಗಳು ಯಾಕೆ ಹೇಳ್ಲಿಲ್ಲ?"

ಯಾಕೆ ಎಂದು ಪಾಕದಕ್ಕನಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬಾಯಿ ಬಿಟ್ಟ ಮೇಲೆ ತಾನಾಗಿ ಬಂತು. "ಕೈ ನಂದು ಹೋಗಿತ್ತಲ್ಲೋ. ತಪ್ಪಾದ್ರೂ ಬೇರೆಯವರದ್ದಾಗಿರ್ಲಿ ಅನ್ನಿಸ್ತು."

ತಮ್ಮ, "ಅವಳು ಅಲ್ಲಿದ್ದಾಳಾ?" ಎಂದ. "ಇದ್ದಾಳೆ," ಎಂದಳು. "ಕೇಳಿಸ್ಕೋತಿದ್ದಾಳಾ?" "ಹ್ಞೂಂ." ಫೋನ್ ಕಟ್ಟಾಯಿತು.

ನಾದಿನಿ ನಿಲುವಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಎದ್ದಳು. "ಅಡ್ಡ ನಿಲ್ಲಬೇಡಿ. ಬೆಳಕು ಬರಲಿ," ಎಂದಳು, ಅಷ್ಟೆ. ಸಿರಿಂಜಿಗೆ ತಂತಿ ಅಂಟಿಸಿದಳು, ಗಡಿಯಾರ ನೋಡಿದಳು, ಥರ್ಮಾಮೀಟರ್ ನೋಡಿದಳು. ಹತ್ತೂ ಇಪ್ಪತ್ತಮೂರಕ್ಕೆ ಗುಂಡಿ ಒತ್ತಿದಳು. ಆ ಒಂಬತ್ತು ನಿಮಿಷ ಇಬ್ಬರೂ ಸೂಜಿಯನ್ನೇ ನೋಡಿದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪರದೆಯ ಮೇಲೆ ಹದಿನಾರು ತೂತು ಸಾಲಾಗಿ, ಸ್ಪಷ್ಟವಾಗಿ ಕಂಡವು. ಪಾಕದಕ್ಕ ಎರಡು ಸಲ ಎಣಿಸಿದಳು. ತಪ್ಪು ಹುಡುಕಲೆಂದೇ ಎಣಿಸಿದ್ದು, ಸಿಗಲಿಲ್ಲ.

ಆ ಮಧ್ಯಾಹ್ನ ಮುದ್ರಣದ ದಾಖಲೆಗೆ ಸಹಿ ಹಾಕುವಾಗ ಪಾಕದಕ್ಕನ ಕಣ್ಣು ಒಂದು ಸಾಲಿನ ಮೇಲೆ ನಿಂತಿತು. ಎರಡನೇ ಸಿರಿಂಜ್ ತಣ್ಣನೆಯ ದಿಮ್ಮಿಗೆ ಹೋದದ್ದು ಹತ್ತೂ ಹನ್ನೆರಡಕ್ಕೆ. ಅಂದರೆ ಫೋನಿಗಿಂತ ಮೊದಲು. ಅಂದರೆ ನಾದಿನಿ ಕೈ ಕಟ್ಟಿಕೊಂಡು ಯಂತ್ರಕ್ಕೆ ಅಡ್ಡ ಕೂತಿದ್ದಾಗ ಬೆನ್ನ ಹಿಂದೆ ಅಂಟು ಆಗಲೇ ಆರುತ್ತಿತ್ತು. ಪಾಕದಕ್ಕ ಹೇಳಿದ್ದರೂ ಮಾಡುತ್ತಿದ್ದಳು, ಹೇಳದಿದ್ದರೂ ಮಾಡುತ್ತಿದ್ದಳು.

"ಕಳ್ಳಿ!" ಎಂದು ಪಾಕದಕ್ಕ ಪೆನ್ನು ಕುಕ್ಕಿದಳು. "ಹಾಗಾದ್ರೆ ನನ್ನ ಬಾಯಿ ಬಿಡಿಸಿದ್ದು ಸುಮ್ಮನೆ!" ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಮುಖ್ಯಸ್ಥರ ಕೋಣೆಗೆ ನುಗ್ಗಿ, ವಿಚಾರಣೆಯ ಕಡತ ತೆಗೆಸಿ, ನಿರ್ಲಕ್ಷ್ಯ ಎಂದಿದ್ದ ಕಡೆ ನಾದಿನಿಯ ಹೆಸರು ಹೊಡೆಸಿ ತನ್ನ ಹೆಸರು ಬರೆಸಿದಳು. ಮುಖ್ಯಸ್ಥರು ಏನೋ ಕೇಳಲು ಹೋದರು. "ಬರೀರಿ ಅಂದ್ರೆ ಬರೀರಿ! ಅವಳ ಋಣ ನನಗೆ ಒಂದು ದಿನಕ್ಕೂ ಬೇಡ!" ಎಂದು ಅವರ ಬಾಯಿ ಮುಚ್ಚಿಸಿದಳು.

ಮುಂದಿನ ಸೋಮವಾರ ಕೈ ಡಾಕ್ಟರು ಸಾರುವೆಯನ್ನು ಮಣಿಕಟ್ಟಿನೊಳಗೆ ಕೂರಿಸಿದರು. ಆಮೇಲೆ ಕಾಯುವುದೊಂದೇ ಕೆಲಸ. ಮನೆಯಲ್ಲಿ ತಮ್ಮ ಹೆಂಡತಿಯ ಜೊತೆ ಮೆಲ್ಲಗೆ ಮಾತಾಡಲು ಶುರು ಮಾಡಿದ, ಅಕ್ಕನ ಜೊತೆ ನಿಲ್ಲಿಸಿದ. ತಟ್ಟೆ ಮುಂದಿಟ್ಟರೆ ತಿಂದು ಏಳುತ್ತಿದ್ದ. ಪಾಕದಕ್ಕನಿಗೆ ಅದು ಗಾಜಿಗಿಂತ ಆಳಕ್ಕೆ ಇಳಿಯಿತು. ನಾದಿನಿಯ ಮೇಲಿನ ಸಿಟ್ಟೂ ಇಳಿಯಲಿಲ್ಲ, ಬರೀ ಪಾತ್ರೆಗಳ ಬದಲು ಈಗ ನೇರವಾಗಿ ಬೈಯುತ್ತಿದ್ದಳು. ನಾದಿನಿಯೂ ಈಗ ನೇರವಾಗಿ ತಿರುಗಿಸಿ ಕೊಡುತ್ತಿದ್ದಳು. ಪ್ರತಿ ಭಾನುವಾರ ಊಟದ ಮೇಜಿನ ಮೇಲೆ ಅತ್ತಿಗೆಯ ಕೈ ಚಾಚಿಸಿ, ಗಾಯದ ಗುರುತಿನಿಂದ ಮುಂದಕ್ಕೆ ಬೆರಳಿನಿಂದ ತಟ್ಟುತ್ತ ಹೋಗುತ್ತಿದ್ದಳು. ಇರುವೆ ಹರಿದ ಹಾಗೆ ಅನ್ನಿಸಿದ ಜಾಗಕ್ಕೆ ಪೆನ್ನಿನಲ್ಲಿ ಗೆರೆ ಎಳೆದು, ಸ್ಕೇಲ್ ಇಟ್ಟು ಅಳೆದು ಬರೆದುಕೊಳ್ಳುತ್ತಿದ್ದಳು.

"ಇಷ್ಟು ಒತ್ತಬೇಡ, ಕೈ ಮುರಿಯುತ್ತೆ."

"ಬಾಯಿ ಗಟ್ಟಿ ಇದೆಯಲ್ಲ, ಕೈಯೂ ಗಟ್ಟಿ ಇರುತ್ತೆ. ಸುಮ್ಮನಿರಿ."

ಗೆರೆ ಒಂದು ವಾರ ಮುಂದೆ ಹೋಗುತ್ತಿತ್ತು, ಎರಡು ವಾರ ನಿಂತೇ ಇರುತ್ತಿತ್ತು. ಮೂರನೇ ತಿಂಗಳು ಅಂಗೈಯ ಅಂಚಿನಲ್ಲಿ ಬಂದು ನಿಂತದ್ದು ಕದಲಲೇ ಇಲ್ಲ. ಪಾಕದಕ್ಕ ಆಸೆ ಬಿಟ್ಟಳು. "ಎಲ್ಲಿ ಬರುತ್ತೆ? ನೀನು ಮಾಡಿದ್ದಲ್ವಾ," ಎಂದು ಒಮ್ಮೆ ಚುಚ್ಚಿದಳು. ಅವತ್ತು ನಾದಿನಿ ಸ್ಕೇಲನ್ನು ಡ್ರಾಯರಿಗೆ ಹಾಕಿ ಎದ್ದುಹೋದಳು, ಮುಂದಿನ ಭಾನುವಾರ ಅದನ್ನು ತೆಗೆಯಲೂ ಇಲ್ಲ.

ಆರನೇ ತಿಂಗಳ ಒಂದು ಬೆಳಿಗ್ಗೆ. ತಮ್ಮ ಬಚ್ಚಲಲ್ಲಿದ್ದ. ನಾದಿನಿ ಒಲೆಯ ಮೇಲೆ ಹಾಲಿಟ್ಟು, ಬಿಸಿನೀರಿನ ಪಾತ್ರೆಯನ್ನು ಇಳಿಸಿ ಕಟ್ಟೆಯ ಮೇಲೆ ಇಟ್ಟಿದ್ದಳು. ಪಾಕದಕ್ಕ ಲೋಟಕ್ಕೆಂದು ಕೈ ಚಾಚಿದಳು.

"ಅಯ್ಯಯ್ಯೋ! ಯಾವಳೇ ಇದನ್ನ ಇಲ್ಲಿಟ್ಟವಳು? ದಾರೀಲಿ ಇಡ್ತಾರಾ? ಕಣ್ಣು ನೆತ್ತಿ ಮೇಲಿದೆಯಾ? ಬೆರಳು ಸುಟ್ಟುಹೋಯ್ತಲ್ಲೇ!"

"ನೋಡಿಕೊಂಡು ಕೈ ಹಾಕೋಕೆ ನಿಮಗೇನು..." ಎಂದು ನಾದಿನಿ ಸರ್ರನೆ ತಿರುಗಿದವಳು ಅಲ್ಲೇ ನಿಂತಳು. "ಯಾವ ಬೆರಳು?"

"ಯಾವುದಾದ್ರೇನೇ, ಉರೀತಿದೆ ಇಲ್ಲಿ..." ಪಾಕದಕ್ಕ ಕೈ ಎತ್ತಿ ಊದಲು ಹೋದಳು. ಊದಲಿಲ್ಲ. ಬಲಗೈ. ಕಿರುಬೆರಳು.

ನಾದಿನಿ ಬಂದು ಮಣಿಕಟ್ಟು ಹಿಡಿದಳು. ಈ ಸಲ ಪಾಕದಕ್ಕ ಕೊಸರಿಕೊಳ್ಳಲಿಲ್ಲ. "ಕಣ್ಣು ಮುಚ್ಚಿ," ಎಂದಳು ನಾದಿನಿ. ಪಾಕದಕ್ಕ ಮುಚ್ಚಿದಳು. ನಲ್ಲಿಯ ಸದ್ದು ಕೇಳಿಸಿತು.

"ಈಗ?"

"ತಣ್ಣಗೆ."

"ಈಗ?"

"ಬಿಸಿ. ನಿಧಾನ ಕಣೇ, ಮತ್ತೆ ಸುಡಬೇಡ."

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಿರುಬೆರಳ ಬುಡದಲ್ಲಿ, ಎಲ್ಲೋ ದೂರದಲ್ಲಿ, ಯಾರೋ ಒತ್ತಿ ಹಿಡಿದ ಹಾಗಾಯಿತು. "ಈಗ?" ಎಂದಳು ನಾದಿನಿ.

ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಆದರೆ ಅಲ್ಲಿ ಏನೋ ಇತ್ತು, ಇಲ್ಲ ಅನ್ನುವ ಹಾಗಿರಲಿಲ್ಲ. ಪಾಕದಕ್ಕ ಕಣ್ಣು ಬಿಟ್ಟಳು. ನಾದಿನಿ ಬರಿಗೈಯಲ್ಲಿ ಅವಳ ಕಿರುಬೆರಳನ್ನು ಮುಷ್ಟಿಯೊಳಗೆ ಹಿಡಿದುಕೊಂಡಿದ್ದಳು. ಮೂಗಿನ ತುದಿ ಕೆಂಪಾಗಿತ್ತು.

"ಹದ," ಎಂದಳು ಪಾಕದಕ್ಕ. ಆಮೇಲೆ ಒಲೆಯ ಕಡೆ ನೋಡಿ, "ಹಾಲು ಉಕ್ತಿದೆ, ಕಾಣ್ಸಲ್ವಾ ನಿನಗೆ?" ಎಂದು ಗದರಿದಳು. ಗದರಿದಳೇ ಹೊರತು ಕೈ ಬಿಡಿಸಿಕೊಳ್ಳಲಿಲ್ಲ, ಹಾಲೆಲ್ಲ ಒಲೆಯ ಮೇಲೆ ಹರಿಯಿತು.